ಪರೀಕ್ಷೆ ಬರೆದದ್ದು ಯಾರು ಎಂದು ಕೇಳುವವರಿಗೆ

ನನಗೆ ಕಣ್ಣು ಕಾಣುವುದಿಲ್ಲ. ದಾವಣಗೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದೇನೆ. ಈ ಎರಡೂ ಸಂಗತಿ ತಿಳಿದವರು ತಪ್ಪದೆ ಕೇಳುವ ಪ್ರಶ್ನೆ ಒಂದೇ: "ಹಾಗಾದರೆ ಪರೀಕ್ಷೆ ಬರೆದದ್ದು ಯಾರು?" ಅದನ್ನೂ ನನ್ನನ್ನು ಕೇಳುವುದಿಲ್ಲ. ಪಕ್ಕದಲ್ಲಿ ನಿಂತ ನನ್ನ ತಂಗಿಯ ಕಡೆ ತಿರುಗಿ, "ಇವರು ಹೇಗೆ ಬರೆದರು?" ಎನ್ನುತ್ತಾರೆ. ನನಗೆ ಕಿವಿ ಕೇಳಿಸುತ್ತದೆ, ಮಾತೂ ಬರುತ್ತದೆ. ಕೇಳುವುದಿದ್ದರೆ ನನ್ನನ್ನೇ ಕೇಳಿ.

ಬರೆದದ್ದು ನಾನು. ಹೇಳಿದ್ದು ನಾನು, ಅದನ್ನು ಹಾಳೆಗೆ ಇಳಿಸಿದವರು ಲಿಪಿಕಾರರು. ಇಷ್ಟು ಹೇಳಿದರೆ ಸಾಕಾಗಬೇಕಿತ್ತು, ಸಾಕಾಗುವುದಿಲ್ಲ. ಹರಿಹರದ ಒಂದು ಮದುವೆಯಲ್ಲಿ ಅಪ್ಪನ ಪರಿಚಯದ ಹಿರಿಯರೊಬ್ಬರು ಊಟದ ಪಂಕ್ತಿಯಲ್ಲೇ, "ನಮ್ಮ ಹುಡುಗನಿಗೂ ಒಬ್ಬ ಬರೆಯುವವನನ್ನು ಕೊಟ್ಟಿದ್ದರೆ ಇಷ್ಟೊತ್ತಿಗೆ ನೌಕರಿಯಲ್ಲಿರುತ್ತಿದ್ದ ನೋಡಮ್ಮಾ" ಎಂದರು. ಸುತ್ತ ಕುಳಿತವರು ನಕ್ಕರು. ಅಪ್ಪ ಸುಮ್ಮನಿದ್ದರು. ಮಗಳಿಗೆ ನೌಕರಿ ಸಿಕ್ಕಿದೆಯಲ್ಲ, ಜನ ನಾಲ್ಕು ಮಾತು ಆಡಿಕೊಂಡರೆ ಆಡಿಕೊಳ್ಳಲಿ ಎಂಬುದು ಅವರ ಲೆಕ್ಕ. ನನ್ನ ಲೆಕ್ಕ ಹಾಗಿಲ್ಲ. ಆ ಹುಡುಗನಿಗೆ ಲಿಪಿಕಾರರನ್ನು ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಬಿ.ಎ. ಅರ್ಥಶಾಸ್ತ್ರದ ಪರೀಕ್ಷೆ. ನನಗಾಗಿ ಬಂದವಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಹುಡುಗಿ. ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರರ ವಿದ್ಯಾರ್ಹತೆ ಅಭ್ಯರ್ಥಿಯದ್ದಕ್ಕಿಂತ ಒಂದು ಹಂತ ಕೆಳಗಿರಬೇಕು ಎಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಹಾಗಾಗಿ ಅರ್ಥಶಾಸ್ತ್ರದ ಗಂಧ ಅವಳಿಗಿರಲಿಲ್ಲ. ನಾವು ಮಾತನಾಡಿದರೆ ಉಳಿದವರಿಗೆ ತೊಂದರೆಯೆಂದು ಹಳೆಯ ಉತ್ತರ ಪತ್ರಿಕೆಗಳ ಕಟ್ಟು ಪೇರಿಸಿಟ್ಟ ಕೋಣೆಯಲ್ಲಿ ಕೂರಿಸಿದರು. ಮೇಲ್ವಿಚಾರಕರು ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು.

ಮೊದಲ ಪ್ರಶ್ನೆ ಬೇಡಿಕೆಯ ಸ್ಥಿತಿಸ್ಥಾಪಕತ್ವದ ಮೇಲೆ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ ಮೇಲೆ. ನಾನು ಹೇಳತೊಡಗಿದೆ, ಪೆನ್ನು ನಿಂತಿತು. "ಅದನ್ನು ಹೇಗೆ ಬರೆಯುವುದು ಅಕ್ಕಾ?" ಸಕಾರಕ್ಕೆ ಗುಡಿಸು ಕೊಡು, ಕೆಳಗೆ ಥ ಒತ್ತು, ತ ಅಲ್ಲ ಎಂದು ಬಿಡಿಸಿ ಹೇಳಿದೆ. ಆ ಪದ ಉತ್ತರದ ಉದ್ದಕ್ಕೂ ಬರುತ್ತದೆ. ಅವಳು ಒಂದು ವಾಕ್ಯ ಬರೆದು ಮುಗಿಸುವಷ್ಟರಲ್ಲಿ ನನ್ನ ತಲೆಯಲ್ಲಿ ಮುಂದಿನ ಮೂರು ವಾಕ್ಯ ಕಾಯುತ್ತಿರುತ್ತವೆ. ಅವುಗಳನ್ನು ಹಿಡಿದಿಟ್ಟುಕೊಳ್ಳಬೇಕು, ಹಿಂದೆ ಏನು ಹೇಳಿದ್ದೆ ಎಂಬುದನ್ನೂ ಮರೆಯಬಾರದು. ಹಿಂತಿರುಗಿ ಕಣ್ಣಾಡಿಸುವ ಸೌಲಭ್ಯ ನನಗಿಲ್ಲ. ಓದಿಸಿ ಕೇಳಿದರೆ ಹೊತ್ತು ಹೋಗುತ್ತದೆ. ಗಂಟೆಗೆ ಇಪ್ಪತ್ತು ನಿಮಿಷದಂತೆ ಹೆಚ್ಚುವರಿ ಸಮಯ ಕೊಡುತ್ತಾರೆ, ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಅದರಲ್ಲಿ ದೊಡ್ಡ ಪಾಲು ಒತ್ತಕ್ಷರಗಳಿಗೇ ಖರ್ಚಾಯಿತು.

ಆಮೇಲೆ ರೇಖಾಚಿತ್ರ. ನಿಂತ ಗೆರೆಗೆ ಬೆಲೆ ಎಂದು, ಮಲಗಿದ ಗೆರೆಗೆ ಪ್ರಮಾಣ ಎಂದು ಬರೆಸಿದೆ. ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುವ ಗೆರೆ ಎಳೆ ಎಂದೆ. "ಎಷ್ಟು ಇಳಿಜಾರು ಅಕ್ಕಾ?" ಇಳಿಜಾರಿನಲ್ಲೇ ಇಡೀ ಉತ್ತರವಿದೆ. ಬಾಯಲ್ಲಿ ಹೇಳಿ ತಿಳಿಯದಾದಾಗ ಅವಳ ಕೈ ಹಿಡಿದು ಹಾಳೆಯ ಮೇಲೆ ಓರೆಯನ್ನು ತೋರಿಸಿದೆ. ಮೇಲ್ವಿಚಾರಕರು ದಡಬಡ ಎದ್ದು, "ಕೈ ಬಿಡಿ, ಮುಟ್ಟಬಾರದು" ಎಂದು ಗದರಿದರು. ಅವಳು ನನಗೆ ಉತ್ತರ ಹೇಳಿಕೊಟ್ಟಾಳು ಎಂದು ಕಾವಲು ಕುಳಿತಿದ್ದವರ ಕಣ್ಣೆದುರೇ ನಾನು ಅವಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೆ. ಅವಳು ಬರೆದ ತಪ್ಪಿಗೆ ಅಂಕ ಕಳೆಯುವುದು ನನ್ನ ಲೆಕ್ಕದಿಂದ. ನೇಮಕಾತಿ ಪರೀಕ್ಷೆಯಲ್ಲೂ ಅಷ್ಟೇ. ಮೂರನೆಯ ಆಯ್ಕೆ ಎಂದು ಹೇಳಬಲ್ಲೆ, ಯಾವ ವೃತ್ತ ಕಪ್ಪಾಯಿತು ಎಂಬುದನ್ನು ನಂಬಬೇಕು. ಹರಿಹರದ ಹಿರಿಯರ ಮಗ ಎರಡು ಕಣ್ಣಿಟ್ಟುಕೊಂಡು ಈ ವ್ಯವಸ್ಥೆಯನ್ನು ಕೇಳಿ ಪಡೆಯುತ್ತಾನೆಯೇ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಿಡಬೇಕೆನ್ನುತ್ತದೆ. ಅದರಲ್ಲಿ ಅಂಧರು ಮತ್ತು ಮಂದದೃಷ್ಟಿಯವರ ಪಾಲು ಶೇ 1. ಆ ಒಂದು ಹುದ್ದೆಗೆ ಒತ್ತು ಥ ಬಿಡಿಸಿ ಹೇಳಿ ಬಂದ ನಮ್ಮಂಥವರೇ ಪರಸ್ಪರ ಸ್ಪರ್ಧಿಸುತ್ತೇವೆ. ಲಿಪಿಕಾರರನ್ನು ಕೊಡುವುದು ಯಾರ ದಯೆಯೂ ಅಲ್ಲ. ಬರೆಯುವಾಗ ಕೈ ಸೆಳೆತ ಬರುವ ಅಭ್ಯರ್ಥಿಗೂ ಆ ಸೌಲಭ್ಯ ಸಿಗಬೇಕೆಂದು ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಜನ ನನ್ನ ಮೂರು ಗಂಟೆಯ ಪರೀಕ್ಷೆಯನ್ನು ಇಷ್ಟು ಕೆದಕುತ್ತಾರಲ್ಲ, ಅದರ ಹಿಂದಿನ ಮೂರು ವರ್ಷವನ್ನು ಒಬ್ಬರೂ ಕೇಳಿಲ್ಲ. "ಓದಿದ್ದು ಹೇಗೆ?" ಈ ಪ್ರಶ್ನೆ ಕೇಳಿ, ಕುಳಿತು ಉತ್ತರಿಸುತ್ತೇನೆ.

ಹೈಸ್ಕೂಲಿನಲ್ಲಿ ದೃಷ್ಟಿ ಕುಂದತೊಡಗಿದಾಗ ಜಗಳೂರು ಕಡೆಯ ನಮ್ಮ ಬಂಧುಗಳೆಲ್ಲ ಕೊಟ್ಟ ಸಲಹೆ, ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಸೇರಿಸಿ ಎಂದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮಕ್ಕೆ ಕೈ ಮುಗಿಯುತ್ತೇನೆ. ಅಲ್ಲಿ ಕಲಿತು ಬಾಳು ಕಟ್ಟಿಕೊಂಡವರು ಬಹಳ ಮಂದಿ. ಆದರೆ ನನಗೆ ಓದಬೇಕೆನಿಸಿದ್ದು ಅರ್ಥಶಾಸ್ತ್ರ. ಕಣ್ಣು ಹೋಯಿತೆಂದರೆ ಹಾರ್ಮೋನಿಯಂ ಎಂದು ಬಂಧುಗಳು ತೀರ್ಮಾನಿಸುವಾಗ ನಿನಗೇನು ಇಷ್ಟ ಎಂದು ಯಾರೂ ಕೇಳಲಿಲ್ಲ.

ಪಠ್ಯಪುಸ್ತಕ ಕೈಗೆ ಸಿಕ್ಕರೂ ಓದುವವರು ಬೇಕು. ತಂಗಿ ತನ್ನ ಓದು ಮುಗಿಸಿ, ರಾತ್ರಿ ಮೊಬೈಲ್‌ನಲ್ಲಿ ನನ್ನ ಪಾಠಗಳನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದಳು. ಆಮೇಲೆ ಎನ್‌ವಿಡಿಎ ಸಿಕ್ಕಿತು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಉಚಿತ ತಂತ್ರಾಂಶವದು. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಅದನ್ನು ಕಟ್ಟಲಾರಂಭಿಸಿದರು. ಅದು ಕನ್ನಡವನ್ನೂ ಓದುತ್ತದೆ, ಕನ್ನಡ ಅಕ್ಷರಗಳಿಗೆ ಕಂಪ್ಯೂಟರ್‌ನಲ್ಲಿ ಅವುಗಳದ್ದೇ ಸಂಕೇತವಿರುವ ಯುನಿಕೋಡ್‌ನಲ್ಲಿದ್ದರೆ ಮಾತ್ರ. ಉಪನ್ಯಾಸಕರು ಕಳಿಸುತ್ತಿದ್ದ ಟಿಪ್ಪಣಿಗಳೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಫಾಂಟ್‌ನಲ್ಲಿರುತ್ತಿದ್ದವು. ಅದರಲ್ಲಿ "ಕನ್ನಡ" ಎಂದು ಟೈಪ್ ಮಾಡಿದರೆ ಕಣ್ಣಿಗೆ ಕಾಣುವುದು ಕನ್ನಡವೇ. ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ, ನಡುನಡುವೆ ತಲೆಯ ಮೇಲೆ ಗೀಟು ಹೊತ್ತ ಎ. ಇಡೀ ಅಧ್ಯಾಯ ನನ್ನ ಕಿವಿಗೆ ಬೀಳುತ್ತಿದ್ದದ್ದು ಹಾಗೆ. ನನ್ನ ಸಹಪಾಠಿಗಳು ಅದೇ ಟಿಪ್ಪಣಿಯನ್ನು ಬಸ್ಸಿನಲ್ಲಿ ಕುಳಿತು ಓದಿ ಮುಗಿಸುತ್ತಿದ್ದರು.

ನೌಕರಿ ಸಿಕ್ಕ ಮೇಲಾದರೂ ಸರಿಹೋಯಿತೇ ಎಂದರೆ, ಮೊದಲ ದಿನವೇ ಮೇಲಧಿಕಾರಿ, "ಬಂದು ಕುಳಿತುಕೊಳ್ಳಿ ಸಾಕು, ಕೆಲಸ ನಾವು ನೋಡಿಕೊಳ್ಳುತ್ತೇವೆ" ಎಂದರು. ಪ್ರೀತಿಯಿಂದಲೇ ಹೇಳಿದರು. ಅದಕ್ಕಿಂತ ನೋವಿನ ಮಾತನ್ನು ನಾನು ಕಚೇರಿಯಲ್ಲಿ ಕೇಳಿಲ್ಲ. ಕೆಲಸ ಕೊಡದೆ ಕೂರಿಸಿ, ಮುಂದೆ ಬಡ್ತಿಯ ಮಾತು ಬಂದಾಗ ಅನುಭವ ಸಾಲದು ಎನ್ನಲು ಅಷ್ಟು ಸಾಕು. ನಾನು ಲಿಖಿತ ಅರ್ಜಿ ಕೊಟ್ಟೆ. ಅಗತ್ಯ ಹೊಂದಾಣಿಕೆ ಮಾಡಿಕೊಡುವುದು ಸರ್ಕಾರಿ ಕಚೇರಿಯ ಕರ್ತವ್ಯ ಎನ್ನುವ ಕಾಯ್ದೆಯ 20ನೇ ಸೆಕ್ಷನ್ ಅನ್ನು ಅದರಲ್ಲಿ ಬರೆದೆ. ಕೇಳಿದ್ದು ಎರಡೇ: ಪತ್ರಗಳನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಸುತ್ತೋಲೆಯ ಫೋಟೊ ಬದಲು ಮೂಲ ಕಡತವನ್ನೇ ಕಳಿಸಿ. ಬಹಳ ಕಾಲ ಉತ್ತರ ಬರಲಿಲ್ಲ. ಬೇರೆ ಅಧಿಕಾರಿ ಬಂದ ಮೇಲೆ ಎರಡೂ ಆದವು. ದಮ್ಮಡಿ ಖರ್ಚಾಗಲಿಲ್ಲ. ಈಗ ಆವಕ ಪತ್ರಗಳೂ ಪಿಂಚಣಿ ಕಡತಗಳೂ ನನ್ನ ಮೇಜಿಗೇ ಬರುತ್ತವೆ.

ಇಷ್ಟು ಓದಿದವರಲ್ಲಿ ಒಂದು ಕೋರಿಕೆ. ದಾವಣಗೆರೆಯಲ್ಲಿ ಬೀದಿಗೊಂದು ಕಾಲೇಜಿದೆ. ಪರೀಕ್ಷೆ ಹತ್ತಿರ ಬಂತೆಂದರೆ ಲಿಪಿಕಾರರನ್ನು ಹುಡುಕಿಕೊಂಡು ನಮ್ಮ ಹುಡುಗ ಹುಡುಗಿಯರು ಮನೆಮನೆ ತಿರುಗುತ್ತಾರೆ. ಬರುತ್ತೇನೆಂದವರು ಹಿಂದಿನ ರಾತ್ರಿ ಕೈಕೊಡುವುದೂ ಉಂಟು. ನಿಮ್ಮ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ, ಬಿಡುವಿದ್ದ ದಿನ ಕಳಿಸಿಕೊಡಿ. ಕೈಬರಹ ಸ್ಫುಟವಾಗಿರಲಿ, ಒಪ್ಪಿಕೊಂಡ ದಿನ ತಪ್ಪದೆ ಬರಲಿ. ಹತ್ತಿರದ ಪದವಿ ಕಾಲೇಜಿನ ಕಚೇರಿಯಲ್ಲಿ ಹೆಸರು ಬರೆಸಿದರೆ ಆಯಿತು.