‘ಹಿಂದೆ ಗಟ್ಟಿ ಹೊಡೀತಿದೆ’ ಅಂದಾಗ ನಾನು ಮಾಡಿದ ತಪ್ಪು

ಶಿವಮೊಗ್ಗದಲ್ಲಿ ಬೈಕ್ ಮೆಕ್ಯಾನಿಕ್ ಆಗಿ ನನಗೆ ಹದಿನಾಲ್ಕು ವರ್ಷ ಆಯಿತು. ಕೈ ಪಳಗಿದ್ದು ಸ್ಪ್ಲೆಂಡರ್, ಪಲ್ಸರ್, ಬುಲೆಟ್ ಬಿಚ್ಚಿ ಕಟ್ಟಿ. ಆ ಬೈಕ್‌ಗಳ ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಮೆಟ್ಟಿಲು ಮೆಟ್ಟಿಲಾಗಿ ಪ್ರಿಲೋಡ್ ಇರುತ್ತದೆ, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅನ್ನುವ ಹೊಂದಾಣಿಕೆ. ಗಿರಾಕಿ ‘ಗಟ್ಟಿ’ ಅಂದರೆ ಒಂದು ಮೆಟ್ಟಿಲು ಕಮ್ಮಿ ಮಾಡುತ್ತಿದ್ದೆವು, ‘ಕೂರುತ್ತೆ’ ಅಂದರೆ ಒಂದು ಜಾಸ್ತಿ. ಅಷ್ಟೇ ನಮಗೆ ಗೊತ್ತಿದ್ದ ಸಸ್ಪೆನ್ಷನ್.

ಎರಡು ಮಳೆಗಾಲದ ಹಿಂದೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ಹೋಂಡಾದ ದೊಡ್ಡ ಅಡ್ವೆಂಚರ್ ಬೈಕ್ ಆಫ್ರಿಕಾ ಟ್ವಿನ್ ತಂದು ನಿಲ್ಲಿಸಿದರು. ಎರಡು ಸೈಡ್ ಬಾಕ್ಸ್, ಮೇಲೊಂದು ಟಾಪ್ ಬಾಕ್ಸ್. “ಹಿಂದೆ ಗಟ್ಟಿ ಹೊಡೀತಿದೆ ಮಾರಾಯ್ರೆ. ಮನೆಯವಳು ಸೊಂಟ ನೋವು ಅಂತಾಳೆ. ಸ್ವಲ್ಪ ಮೆತ್ತಗೆ ಮಾಡಿ ಕೊಡಿ” ಅಂದರು.

ನಾನು ಇನ್ನೊಂದು ಮಾತು ಕೇಳಲಿಲ್ಲ. ಪ್ರಿಲೋಡ್ ನಾಬ್ ಹಿಡಿದು ಕಮ್ಮಿ ಮಾಡಿದೆ. ಸೀಟು ಒತ್ತಿ ನೋಡಿದೆ, ಮೆತ್ತಗೇ ಇತ್ತು. ಕಳಿಸಿಬಿಟ್ಟೆ.

ಹತ್ತು ದಿನಕ್ಕೆ ವಾಪಸ್ ಬಂದರು. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬಂದಿದ್ದರು. “ಎಂಥ ಮಾರಾಯ್ರೆ, ಮೆತ್ತಗೆ ಮಾಡ್ತೀನಿ ಅಂದ್ರಿ, ಇನ್ನೂ ಗಟ್ಟಿ ಆಯ್ತಲ್ಲ? ಗುಂಡಿ ಬಂದರೆ ಟಪ್ ಅಂತ ಹೊಡೆಯುತ್ತೆ. ತಿರುವಿನಲ್ಲಿ ಬೈಕ್ ಮಾತೇ ಕೇಳಲ್ಲ.” ಸಿಟ್ಟಾಗಿ ಹೇಳಲಿಲ್ಲ. ಆದರೆ ನನಗೆ ಆ ದಿನ ಊಟ ಸೇರಲಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಮಳೆಯಲ್ಲಿ, ಹೆಂಡತಿಯನ್ನು ಕೂರಿಸಿಕೊಂಡು ಅವರು ನನ್ನ ಕೆಲಸವನ್ನು ನಂಬಿ ಇಳಿದಿದ್ದರು.

ಮರುದಿನ ಇಬ್ಬರೂ ಬನ್ನಿ, ಬಾಕ್ಸ್ ತುಂಬಿಕೊಂಡೇ ಬನ್ನಿ ಅಂದೆ. ಮೊದಲ ಸಲ ಟೇಪು ಹಿಡಿದು ಅಳೆದೆ. ಹಿಂದಿನ ಚಕ್ರ ನೆಲ ಬಿಡುವಂತೆ ಬೈಕ್ ಎತ್ತಿ, ಆಕ್ಸಲ್‌ನಿಂದ ನೇರ ಮೇಲೆ ಬಾಲದ ಹತ್ತಿರ ಅಂಟಿಸಿದ ಟೇಪಿನ ಗುರುತಿನವರೆಗೆ ಒಂದು ಅಳತೆ. ಆಮೇಲೆ ಇಬ್ಬರನ್ನೂ ಕೂರಿಸಿ, ನನ್ನ ಹುಡುಗ ಬೈಕ್ ನೆಟ್ಟಗೆ ಹಿಡಿದಾಗ ಇನ್ನೊಂದು. ವ್ಯತ್ಯಾಸ 105 ಮಿ.ಮೀ. ಇದನ್ನೇ ಸ್ಯಾಗ್ ಅನ್ನುವುದು.

ಈ ಬೈಕಿನ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವುದು ಒಟ್ಟು 220 ಮಿ.ಮೀ. ಅದರಲ್ಲಿ ಮೂರನೇ ಒಂದು ಭಾಗದಷ್ಟು, ಅಂದರೆ 70ರ ಆಸುಪಾಸು ಕೂತರೆ ಸರಿ. ಇವರದ್ದು ನಿಂತಲ್ಲೇ ಅರ್ಧದಷ್ಟು ಕೂತುಬಿಟ್ಟಿತ್ತು. ದೊಡ್ಡ ಗುಂಡಿ ಬಂದಾಗ ಉಳಿದ ಜಾಗ ಸಾಲುತ್ತಿರಲಿಲ್ಲ. ಕೊನೆಗೆ, ಶಾಕ್ ಕುಗ್ಗುವುದು ಮುಗಿಯುವಲ್ಲಿ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಹೋಗಿ ಹೊಡೆಯುತ್ತಿತ್ತು. ಅವರು ‘ಗಟ್ಟಿ’ ಅಂದದ್ದು ಆ ಹೊಡೆತಕ್ಕೆ. ನಾನು ಮಾಡಿದ್ದು ಆ ರಬ್ಬರನ್ನು ಇನ್ನಷ್ಟು ಹತ್ತಿರ ತಂದ ಕೆಲಸ.

ಇಲ್ಲಿ ನನ್ನ ತಲೆಯಲ್ಲಿದ್ದ ಹಳೇ ನಂಬಿಕೆಯೊಂದು ಬಿತ್ತು. ಪ್ರಿಲೋಡ್ ಜಾಸ್ತಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಉದ್ದಕ್ಕೂ ಒಂದೇ ಸಮನಾಗಿ ಸುತ್ತಿದ ಸ್ಪ್ರಿಂಗ್ 1 ಮಿ.ಮೀ. ಕುಗ್ಗಲು ಮೊದಲು ಎಷ್ಟು ಭಾರ ಬೇಕಿತ್ತೋ ಆಮೇಲೂ ಅಷ್ಟೇ ಬೇಕು. ಬದಲಾಗುವುದು ಬೈಕ್ ಕೂರುವ ಎತ್ತರ. ಖಾಲಿ ಬೈಕಿನ ಸೀಟು ಒತ್ತಿದಾಗ ಗಟ್ಟಿ ಅನ್ನಿಸುತ್ತದೆ, ನಿಜ. ಆದರೆ ಖಾಲಿ ಬೈಕ್ ಯಾರೂ ಓಡಿಸಲ್ಲ ಅಲ್ವಾ?

ತಿರುವಿನ ತೊಂದರೆಗೂ ಕಾರಣ ಇದೇ. ಹಿಂದೆ ಕೂತರೆ ಮುಂದಿನ ಫೋರ್ಕ್ ಇನ್ನಷ್ಟು ಓರೆಯಾಗುತ್ತದೆ, ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗುತ್ತದೆ. ಬೈಕ್ ನಿಧಾನಕ್ಕೆ ತಿರುಗುತ್ತದೆ, ತಿರುವಿನಲ್ಲಿ ಹೊರಗೆ ಹೊರಗೆ ಓಡುತ್ತದೆ. ಹೆಡ್‌ಲೈಟ್ ಮರದ ತುದಿ ನೋಡುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕ್ ಜಾಸ್ತಿ ನೆಟ್ಟಗೆ ನಿಲ್ಲುತ್ತದೆ. ಈ ಗುರುತುಗಳೆಲ್ಲ ಮೊದಲ ದಿನವೇ ಕಣ್ಣೆದುರು ಇದ್ದವು.

ಪ್ರಿಲೋಡ್ ಹೆಚ್ಚೂಕಡಿಮೆ ಪೂರ್ತಿ ಹಾಕಿದ ಮೇಲೆ ಸ್ಯಾಗ್ 74ಕ್ಕೆ ಬಂತು. ಅವರನ್ನು ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ಹೋಗಿ ಬನ್ನಿ ಅಂತ ಕಳಿಸಿದೆ. ಬಂದವರು ಹೇಳಿದ ಒಂದು ಮಾತು ನನಗೆ ಈಗಲೂ ನೆನಪಿದೆ: “ಒಂದೇ ಹಂಪ್ ಇದ್ದರೆ ಏನೂ ಗೊತ್ತಾಗಲ್ಲ. ಸಾಲಾಗಿ ಗುಂಡಿ ಬಂದರೆ ಮೂರನೆಯದ್ದು, ನಾಲ್ಕನೆಯದ್ದು ಹೊಡೆಯುತ್ತೆ.”

ಅದು ರಿಬೌಂಡ್ ಸಮಸ್ಯೆ. ಕುಗ್ಗಿದ ಸ್ಪ್ರಿಂಗ್ ಎಷ್ಟು ಬೇಗ ವಾಪಸ್ ಚಾಚಿಕೊಳ್ಳಬೇಕು ಅನ್ನುವುದನ್ನು ರಿಬೌಂಡ್ ಡ್ಯಾಂಪಿಂಗ್ ತೀರ್ಮಾನಿಸುತ್ತದೆ. ಅದನ್ನು ಹೊಂದಿಸುವ ಸ್ಕ್ರೂ ಜಾಸ್ತಿ ಬಿಗಿಯಾಗಿದ್ದರೆ ಒಂದು ಗುಂಡಿಯಿಂದ ಪೂರ್ತಿ ಮೇಲೇಳುವ ಮೊದಲೇ ಇನ್ನೊಂದು ಬರುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಕೆಳಗಿಳಿದು ಕೊನೆಗೆ ಆಡಲು ಜಾಗವೇ ಉಳಿಯಲ್ಲ. ಸ್ಕ್ರೂವನ್ನು ಮೆಲ್ಲಗೆ ಕೊನೆಯವರೆಗೆ ಮುಚ್ಚಿ ಕ್ಲಿಕ್ ಎಣಿಸಿದೆ. ಮೊದಲೇ ಯಾರೋ ಹತ್ತಿರ ಹತ್ತಿರ ಪೂರ್ತಿ ಬಿಗಿ ಮಾಡಿಟ್ಟಿದ್ದರು. ಇದ್ದ ಜಾಗ ಬರೆದಿಟ್ಟುಕೊಂಡು, ಎರಡೆರಡು ಕ್ಲಿಕ್ ಬಿಡುತ್ತಾ ಅದೇ ರಸ್ತೆಯಲ್ಲಿ ಓಡಿಸಿ ನೋಡಿದೆವು. ಜಾಸ್ತಿ ಬಿಟ್ಟರೂ ಕಷ್ಟ, ಹಂಪ್ ದಾಟಿದ ಮೇಲೂ ಬೈಕ್ ಕುಣಿಯುತ್ತಲೇ ಇರುತ್ತದೆ. ಆರು ಕ್ಲಿಕ್‌ಗೆ ಹಿಂದೆ ಕೂತಿದ್ದ ಅವರ ಹೆಂಡತಿಯೇ “ಈಗ ಸರಿ ಇದೆ” ಅಂದರು. ನಿಜ ಹೇಳಬೇಕಂದರೆ ನನಗಿಂತ ಅವರ ಸೊಂಟ ಚೆನ್ನಾಗಿ ಅಳೆಯುತ್ತಿತ್ತು.

ಈಗ ಯಾವ ದೊಡ್ಡ ಬೈಕ್ ಬಂದರೂ ಮೊದಲು ಕೇಳುವುದು ಇದನ್ನೇ: ಯಾವಾಗ ಹೊಡೆಯುತ್ತೆ? ಒಬ್ಬರೇ ಇದ್ದಾಗಲೋ ಇಬ್ಬರೋ? ಒಂದು ಗುಂಡಿಗೋ, ಸಾಲು ಗುಂಡಿಗೋ? ಬ್ರೇಕ್ ಹಿಡಿದಾಗ ಮುಂದೆ ಮುಳುಗುತ್ತಾ? ನಮ್ಮ ಮಳೆಯ ರಸ್ತೆಯಲ್ಲಿ ಸಸ್ಪೆನ್ಷನ್ ಇರುವುದು ಕೂತವರ ಸುಖಕ್ಕೆ ಮಾತ್ರ ಅಲ್ಲ, ಟೈರು ನೆಲ ಬಿಡದೆ ಇರಲಿ ಅಂತ. ಸುಮ್ನೆ ಸ್ಕ್ರೂ ತಿರುಗಿಸಲು ನನಗೀಗ ಧೈರ್ಯ ಬರಲ್ಲ.

ಅವರ ಟಾಪ್ ಬಾಕ್ಸ್ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಎರಡು ಸಾಲು ಬರೆದುಕೊಟ್ಟೆ. ಒಬ್ಬರೇ ಹೋಗುವಾಗ ನಾಬ್ ಎಲ್ಲಿ, ಕ್ಲಿಕ್ ಎಷ್ಟು. ಇಬ್ಬರು ಮತ್ತು ಸಾಮಾನು ಇದ್ದಾಗ ಎಷ್ಟು. ಹೋದ ತಿಂಗಳು ಸರ್ವೀಸಿಗೆ ಬಂದಾಗ ನೋಡಿದೆ. ಕೆಳಗೆ ಅವರೇ ಪೆನ್ನಿನಲ್ಲಿ ಮೂರನೇ ಸಾಲು ಸೇರಿಸಿದ್ದರು: ‘ಮಗಳು ಹಿಂದೆ, ಬಾಕ್ಸ್ ಖಾಲಿ’.