ಕವರ್ ಮೇಲಿನ ವಿಳಾಸ

ಇವತ್ತು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಕಡೆಯ ಅಜ್ಜಿಯೊಬ್ಬರು ಒಂದು ಕವರ್ ಕೊಟ್ಟು, "ಇದರ ಮೇಲೆ ಎಂಪಿ ಸಾಹೇಬ್ರ ವಿಳಾಸ ಬರ್ಕೊಡಪ್ಪಾ" ಅಂದರು. ಒಳಗಿದ್ದದ್ದು ಊರಿನ ಕುಡಿಯುವ ನೀರಿನ ಅರ್ಜಿ. ಫ್ಲೋರೈಡ್ ನೀರು ಕುಡಿದು ಕುಡಿದು ಸಾಕಾಗಿದೆಯಂತೆ.

"ಸಂಸದರು, ತುಮಕೂರು" ಅಂತ ಬರೆದೇ ಬಿಟ್ಟೆ. ಆಮೇಲೆ ನೆನಪಾಯಿತು, ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು ಅಲ್ವಾ! ತುಮಕೂರು ಹೊಡೆದು ಹಾಕಿ ಪಕ್ಕದಲ್ಲಿ ಚಿತ್ರದುರ್ಗ ಅಂತ ಬರೆದೆ.

ಅಜ್ಜಿ ಆ ಗೀಟನ್ನೇ ನೋಡುತ್ತಾ, "ನಮ್ಮ ಜಿಲ್ಲೆ ಇದೇ ಅಲ್ವೇನಪ್ಪಾ?" ಅಂದರು.

ಹೌದು, ಜಿಲ್ಲೆ ಇದೇ. ನಮ್ಮ ಜಿಲ್ಲೆಯಲ್ಲಿ 11 ವಿಧಾನಸಭಾ ಕ್ಷೇತ್ರ, ಅದರಲ್ಲಿ 8 ಮಾತ್ರ ತುಮಕೂರು ಲೋಕಸಭೆಗೆ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು, ಶಿರಾ, ಪಾವಗಡ ಚಿತ್ರದುರ್ಗಕ್ಕೆ. ಡಿಸಿ ಆಫೀಸ್ ಇಲ್ಲಿ, ಎಂಪಿ ಅಲ್ಲಿಯವರು. ಜನಸಂಖ್ಯೆ ಸರಿದೂಗಿಸಲು ಗೆರೆ ಎಳೆಯಬೇಕು, ಅದು ನನಗೂ ಗೊತ್ತು. ಆದರೆ ನೀರಿಗಾಗಿ ಅಲೆಯುವವರಿಗೆ ಯಾರ ಬಾಗಿಲು ತಟ್ಟಬೇಕು ಅನ್ನೋದನ್ನಾದರೂ ಯಾರಾದರೂ ಮೊದಲೇ ಹೇಳಬೇಕಲ್ವಾ? ತುಂಬಾ ಬೇಜಾರಾಯಿತು.

ಹೊಸ ಕವರ್ ತಂದುಕೊಡ್ತೀನಿ ಅಂದೆ. ಬೇಡ, ಬಸ್ ಹೊರಡುತ್ತೆ ಅಂತ ಅದನ್ನೇ ಚೀಲಕ್ಕೆ ಹಾಕಿಕೊಂಡು ಹತ್ತಿದರು.