ಗದ್ದೆ ಬದುವಿನ ಮೇಲೆ ಭೂಗೋಳ

ಊರಲ್ಲಿದ್ದೇನೆ. ಅಪ್ಪ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಜಮೀನಿನ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ನೋಡುತ್ತಿದ್ದರು. "ಇದನ್ನೆಲ್ಲಾ ಯಾರು ಮಾಡ್ತಾರೋ ಮಗಾ?" ಅಂದರು. "ಭೂಗೋಳ ಓದಿದವರೂ ಮಾಡ್ತಾರಪ್ಪಾ" ಅಂದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂಗೋಳದ ಪಿಜಿಗೆ ಸೇರಿದಾಗ "ಮೇಷ್ಟ್ರಾಗ್ತೀಯಾ?" ಅಂತ ಕೇಳದವರೇ ಇರಲಿಲ್ಲ. ಮೇಷ್ಟ್ರ ಕೆಲಸ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾರಿ ಅದೊಂದೇ ಅಲ್ಲ ಅಲ್ವಾ? 1:50,000 ಅಳತೆಯ ಟೋಪೋಶೀಟಿನಲ್ಲಿ, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಯಲ್ಲಿ, 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಅದರ ಕಂದು ಗೆರೆ ನೋಡಿ ಇಳಿಜಾರು ಎಲ್ಲಿ, ನೀರು ಎತ್ತ ಹರಿಯುತ್ತೆ ಅಂತ ಹೇಳಲು ನಾವು ಕಲಿತೆವು. ಅದೇ ಕಣ್ಣು ಉಪಗ್ರಹದ ಚಿತ್ರದಲ್ಲಿ ಕೆರೆ ಒತ್ತುವರಿಯನ್ನೂ ಹಿಡಿಯುತ್ತೆ. ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ, ಮಾಹಿತಿ ಜೋಡಿಸಿ ನೋಡುವ ವ್ಯವಸ್ಥೆ), ನಗರ ಯೋಜನೆ, ಪ್ರವಾಹದ ಮ್ಯಾಪಿಂಗ್ ಎಲ್ಲಕ್ಕೂ ಅದು ಬೇಕು.

ಅಪ್ಪ ಈಗ ಸ್ಕ್ರೀನ್ ದೊಡ್ಡದು ಮಾಡಿ ನಮ್ಮ ಬಾವಿ ಹುಡುಕುತ್ತಿದ್ದಾರೆ.